ಜಾಂಗ್ ಸು-ಜಂಗ್ ಮತ್ತು ಕೊರಿಯಾದ ಮಹಿಳಾ ಟೆನಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕೊರಿಯಾದ ಜಾಂಗ್ ಸು-ಜಂಗ್ ಗ್ರ್ಯಾಂಡ್‌ಸ್ಲಾಮ್ ಗೆದ್ದವರಲ್ಲ. ವಿಶ್ವದ ಮೊದಲ ನೂರು ಜನರ ಪಟ್ಟಿಗೂ ಬಂದವರಲ್ಲ. ಆದರೂ ಅವರ ಬಗ್ಗೆ ಇಷ್ಟು ಉದ್ದ ಬರೆಯೋದಕ್ಕೆ ಕಾರಣ ಇದೆ. ಟಿವಿಯಲ್ಲಿ ನಾವು ನೋಡುವುದು ಇಪ್ಪತ್ತು ಮೂವತ್ತು ಜನರ ಟೆನಿಸ್. ಅದರ ಕೆಳಗೆ ನೂರಾರು ಆಟಗಾರ್ತಿಯರು ವರ್ಷವಿಡೀ ಊರೂರು ಸುತ್ತಿ, ಖಾಲಿ ಗ್ಯಾಲರಿಗಳ ಮುಂದೆ ಆಡುತ್ತಾರೆ. ಅವರೂ ವೃತ್ತಿಪರರೇ. ಅವರ ಗೆಲುವಿಗೂ ಅಷ್ಟೇ ಬೆವರು ಸುರಿದಿರುತ್ತದೆ. ಆ ಬದುಕನ್ನು ತಿಳಿಯಲು ಜಾಂಗ್ ಅವರ ದಾರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಜಾಂಗ್ ಸು-ಜಂಗ್ ಯಾರು? ಎರಡು ಮಾತಲ್ಲಿ ಹೇಳಿ.

1995ರ ಮಾರ್ಚ್ 13ರಂದು ಹುಟ್ಟಿದ ಕೊರಿಯಾದ ಆಟಗಾರ್ತಿ. 2022ರ ಜನವರಿಯಲ್ಲಿ ಅರ್ಹತಾ ಸುತ್ತು ದಾಟಿ ಆಸ್ಟ್ರೇಲಿಯನ್ ಓಪನ್ ಮುಖ್ಯ ಸುತ್ತಿಗೆ ಬಂದರು. ಅದೇ ವರ್ಷ ಜುಲೈನಲ್ಲಿ ಸ್ವೀಡನ್‌ನ ಬೋಸ್ಟಾಡ್‌ನಲ್ಲಿ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) 125 ಮಟ್ಟದ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕಿಂಗ್ 114. ಅದೂ 2022ರಲ್ಲೇ.

ಸ್ಕೋರ್‌ಬೋರ್ಡ್‌ನಲ್ಲಿ ಹೆಸರು ಹಿಂದುಮುಂದಾಗಿ ಬರುತ್ತದಲ್ಲ, ಯಾಕೆ?

ಕೊರಿಯಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಜಾಂಗ್ ಮನೆತನದ ಹೆಸರು, ಸು-ಜಂಗ್ ಅವರ ಸ್ವಂತ ಹೆಸರು. ಟೂರ್ನಿಗಳು ಪಶ್ಚಿಮದ ಪದ್ಧತಿಯಂತೆ ತಿರುಗಿಸಿ ಹಾಕುತ್ತವೆ, ಅಷ್ಟೇ. ಇಬ್ಬರು ಬೇರೆ ಬೇರೆ ಆಟಗಾರ್ತಿಯರು ಅಂದುಕೊಳ್ಳಬೇಡಿ.

ಅವರು ಮೊದಲು ಸುದ್ದಿಯಾದದ್ದು ಯಾವಾಗ?

2013ರ ಸೆಪ್ಟೆಂಬರ್, ಸಿಯೋಲ್. ಕೊರಿಯಾ ಓಪನ್‌ನಲ್ಲಿ ಆಡಲು ಅವರಿಗೆ ವೈಲ್ಡ್ ಕಾರ್ಡ್, ಅಂದರೆ ಆಯೋಜಕರು ಕೊಡುವ ನೇರ ಪ್ರವೇಶ, ಸಿಕ್ಕಿತ್ತು. ಆಗ ವಯಸ್ಸು 18. ಸ್ವಂತ ದೇಶದ ಹುಡುಗಿ ಒಂದು ಸುತ್ತು ಆಡಿ ಹೋಗುತ್ತಾಳೆ ಅಂತಲೇ ಇಂಥ ಕಡೆ ಎಲ್ಲರೂ ಅಂದುಕೊಳ್ಳುವುದು. ಜಾಂಗ್ ಎರಡು ಪಂದ್ಯ ಗೆದ್ದು ಕ್ವಾರ್ಟರ್‌ಫೈನಲ್ ತಲುಪಿದರು. ಆ ಟೂರ್ನಿ 2004ರಲ್ಲಿ ಶುರುವಾಗಿತ್ತು. ಅಲ್ಲಿಂದ ಆವರೆಗೆ ಕೊರಿಯಾದ ಯಾರೂ ಸಿಂಗಲ್ಸ್‌ನಲ್ಲಿ ಅಷ್ಟು ದೂರ ಬಂದಿರಲಿಲ್ಲ. ಆ ವರ್ಷ ಪ್ರಶಸ್ತಿ ಗೆದ್ದದ್ದು ಪೋಲೆಂಡ್‌ನ ಅಗ್ನಿಯೆಷ್ಕಾ ರಾದ್ವಾನ್‌ಸ್ಕಾ.

ಆ ವಾರದ ನಂತರ ಅವರ ಮೇಲೆ ನಿರೀಕ್ಷೆ ಏರಿತು. ಹದಿನೆಂಟರಲ್ಲಿ ಕ್ವಾರ್ಟರ್‌ಫೈನಲ್ ಆಡಿದವಳು ಇಪ್ಪತ್ತೊಂದಕ್ಕೆ ಮೊದಲ ನೂರರೊಳಗೆ ಇರುತ್ತಾಳೆ ಅಂತ ಲೆಕ್ಕ ಹಾಕುವುದು ಸುಲಭ. ಟೆನಿಸ್ ಹಾಗೆ ನಡೆಯುವುದಿಲ್ಲ.

ಹಾಗಾದರೆ ಆಮೇಲೆ ಏನಾಯಿತು?

ಆಗ ಅವರು ಸ್ಯಾಮ್‌ಸಂಗ್ ಸೆಕ್ಯುರಿಟೀಸ್ ತಂಡದಲ್ಲಿದ್ದರು. ಕೊರಿಯಾದ ಟೆನಿಸ್‌ನಲ್ಲಿ ಈ ತಂಡದ ಹೆಸರು ದೊಡ್ಡದು. 2018ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಜೊಕೊವಿಚ್ ಅವರನ್ನು ಸೋಲಿಸಿ ಸೆಮಿಫೈನಲ್ ಆಡಿದ ಚುಂಗ್ ಹ್ಯೊನ್ ಕೂಡ ಇದೇ ತಂಡದಲ್ಲಿ ಬೆಳೆದವರು. ಕೋಚ್, ಪ್ರಯಾಣದ ಖರ್ಚು, ಅಭ್ಯಾಸಕ್ಕೆ ಜೊತೆಗಾರರು, ಎಲ್ಲವೂ ಒಂದೇ ಕಡೆ ಸಿಗುತ್ತಿತ್ತು. 2015ರಲ್ಲಿ ಈ ತಂಡವನ್ನು ವಿಸರ್ಜಿಸಲಾಯಿತು. ಜಾಂಗ್ ಅವರಿಗೆ ಆಗಿನ್ನೂ 20 ವರ್ಷ.

ಆಮೇಲೆ ಅವರು ಸಾರಂಗ್ ಮೋಟರ್ಸ್ ಎಂಬ ಕಾರು ಮಾರಾಟ ಕಂಪನಿಯ ಹೆಸರಲ್ಲಿ ಆಡಿದರು. ಮುಂದೆ ದೇಗು ನಗರಾಡಳಿತದ ತಂಡ ಸೇರಿದರು. ನಡುವೆ 2017ರಲ್ಲಿ ರ‍್ಯಾಂಕಿಂಗ್ 120ರ ಆಸುಪಾಸಿಗೆ ಏರಿತು. ಅದೇ ವರ್ಷ ಹವಾಯಿಯ ಡಬ್ಲ್ಯುಟಿಎ 125 ಟೂರ್ನಿಯಲ್ಲಿ ಫೈನಲ್ ಆಡಿ ಚೀನಾದ ಜಾಂಗ್ ಶುವಾಯ್ ಎದುರು ಸೋತರು. ಅಲ್ಲಿಂದ ಮೇಲೆ ಹೋಗುವ ಬದಲು ರ‍್ಯಾಂಕಿಂಗ್ ಮತ್ತೆ ಇಳಿಯಿತು. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಮುಖ್ಯ ಸುತ್ತು ತಲುಪೋಕೆ ಇನ್ನೂ ನಾಲ್ಕು ವರ್ಷಕ್ಕೂ ಜಾಸ್ತಿ ಬೇಕಾಯಿತು.

ನಗರಾಡಳಿತದ ತಂಡವಾ? ಟೆನಿಸ್‌ಗೆ ನಗರಸಭೆ ಯಾಕೆ ಸಂಬಳ ಕೊಡುತ್ತದೆ?

ಕೊರಿಯಾದ ಆಟಗಾರರ ಹೆಸರಿನ ಪಕ್ಕ ಅಲ್ಲಿನ ಪತ್ರಿಕೆಗಳು ಯಾವಾಗಲೂ ತಂಡದ ಹೆಸರನ್ನೂ ಹಾಕುತ್ತವೆ. 2022ರಲ್ಲಿ ಜಾಂಗ್ ಅಂದರೆ ದೇಗು ನಗರಾಡಳಿತ. ಇನ್ನೊಬ್ಬ ಆಟಗಾರ್ತಿ ಹಾನ್ ನಾ-ರೇ ಅಂದರೆ 2020ರಲ್ಲಿ ಇಂಚನ್ ನಗರಾಡಳಿತ. ಅವರಿಗಿಂತ ಕಿರಿಯ ಬೇಕ್ ದಾ-ಯನ್ ಅಂದರೆ 2023ರಲ್ಲಿ ಎನ್‌ಎಚ್ ನೊಂಗ್‌ಹ್ಯಪ್ ಬ್ಯಾಂಕ್. ನಗರಗಳು, ಪ್ರಾಂತ್ಯಗಳು, ಬ್ಯಾಂಕ್‌ಗಳು, ಕಂಪನಿಗಳು ತಂಡ ಕಟ್ಟಿ ಆಟಗಾರರಿಗೆ ಸಂಬಳ ಕೊಡುತ್ತವೆ. ನಮ್ಮಲ್ಲಿ ರೈಲ್ವೆ, ಒಎನ್‌ಜಿಸಿ ಆಟಗಾರರಿಗೆ ಕೆಲಸ ಕೊಡುತ್ತವಲ್ಲ, ಸ್ವಲ್ಪ ಅದೇ ರೀತಿ. ವ್ಯತ್ಯಾಸ ಏನೆಂದರೆ, ಅಲ್ಲಿ ಕೆಲಸವೇ ಆಟ.

ಬದಲಿಗೆ ಆಟಗಾರರು ದೇಶದೊಳಗಿನ ಟೂರ್ನಿಗಳಲ್ಲಿ ತಂಡದ ಪರ ಆಡಬೇಕು. ಅದರಲ್ಲೂ ಶರತ್ಕಾಲದಲ್ಲಿ ಬರುವ ರಾಷ್ಟ್ರೀಯ ಕ್ರೀಡಾಕೂಟ ಮುಖ್ಯ. ಅಲ್ಲಿ ಪ್ರಾಂತ್ಯಗಳೂ ನಗರಗಳೂ ಪದಕಕ್ಕಾಗಿ ಸೆಣಸುತ್ತವೆ. ಸಂಬಳ ಕೊಟ್ಟ ನಗರಕ್ಕೆ ಪದಕ ಬೇಕು.

ಈ ವ್ಯವಸ್ಥೆ ಒಳ್ಳೆಯದೋ ಕೆಟ್ಟದ್ದೋ ಅಂತ ತುಂಬ ಜನ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಹುಡುಗಿಯರ ಬದುಕು ಉಳಿಸುತ್ತದೆ, ಆದರೆ ಅವರನ್ನು ಮನೆಯ ಹತ್ತಿರವೇ ಕಟ್ಟಿಹಾಕುತ್ತದೆ. ತಿಂಗಳ ಸಂಬಳ ಇದ್ದರೆ ಗಾಯವಾದಾಗ ದಿಕ್ಕು ತೋಚದೆ ಕೂರಬೇಕಿಲ್ಲ. ಆದರೆ ದೇಶದೊಳಗೆ ಆಡಿಕೊಂಡೇ ನೆಮ್ಮದಿಯಾಗಿ ಇರಬಹುದು ಅನ್ನುವಾಗ, ಸೋತರೆ ವಿಮಾನದ ಟಿಕೆಟ್ ಹಣವೂ ಹುಟ್ಟದ ದೂರದ ಟೂರ್ನಿಗೆ ಯಾರು ಹೋಗುತ್ತಾರೆ? ಜಾಂಗ್ ಹೋದರು. ವರ್ಷಗಳ ಕಾಲ ಹೋಗುತ್ತಲೇ ಇದ್ದರು. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಇದೇ ಕಾರಣಕ್ಕೆ.

ಡಬ್ಲ್ಯುಟಿಎ 125, ಐಟಿಎಫ್, ಡಬ್ಲ್ಯು 35... ಈ ಸಂಖ್ಯೆಗಳು ಏನು?

ಕೆಳಗಿನಿಂದ ಶುರು ಮಾಡೋಣ. ಐಟಿಎಫ್ ಅಂದರೆ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಶನ್. ಅದರ ಮಹಿಳಾ ಟೂರ್ನಿಗಳ ಹೆಸರಲ್ಲಿರುವ ಸಂಖ್ಯೆ, ಸಿಂಗಲ್ಸ್ ಗೆದ್ದವರಿಗೆ ಎಷ್ಟು ರ‍್ಯಾಂಕಿಂಗ್ ಪಾಯಿಂಟ್ ಸಿಗುತ್ತದೆ ಅಂತ ತಿಳಿಸುತ್ತದೆ. ಡಬ್ಲ್ಯು 15ರಲ್ಲಿ ಇಡೀ ಟೂರ್ನಿಯ ಬಹುಮಾನ ಒಟ್ಟು 15,000 ಡಾಲರ್. ಅದನ್ನೇ ಎಲ್ಲರಿಗೂ ಹಂಚಬೇಕು. ಮೊದಲ ಸುತ್ತಲ್ಲಿ ಸೋತವರ ಕೈಗೆ ಬರುವುದು ಹೋಟೆಲ್ ಖರ್ಚಿಗೂ ಸಾಲದು. ಡಬ್ಲ್ಯು 100 ಈ ಮಟ್ಟದಲ್ಲಿ ಅತಿ ದೊಡ್ಡದು. ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳದಲ್ಲೂ ಐಟಿಎಫ್ ಮಹಿಳಾ ಟೂರ್ನಿಗಳು ನಡೆಯುತ್ತವೆ. ಹೋಗಿ ನೋಡಿ, ಆಟದ ಮಟ್ಟ ಕಂಡು ಬೆರಗಾಗುತ್ತೀರಿ.

ಅದರ ಮೇಲೆ ಡಬ್ಲ್ಯುಟಿಎ 125. ಅದಕ್ಕೂ ಮೇಲೆ 250, 500, 1000. ಎಲ್ಲಕ್ಕಿಂತ ಮೇಲೆ ನಾಲ್ಕು ಗ್ರ್ಯಾಂಡ್‌ಸ್ಲಾಮ್. ಜಾಂಗ್ ಅವರ ವೃತ್ತಿಯ ಬಹುಪಾಲು ಕಳೆದದ್ದು ಐಟಿಎಫ್ ಮತ್ತು 125ರ ನಡುವೆ.

ಗ್ರ್ಯಾಂಡ್‌ಸ್ಲಾಮ್ ಮುಖ್ಯ ಸುತ್ತಿಗೆ ಬರೋದು ಅಷ್ಟು ಕಷ್ಟವಾ?

ಮುಖ್ಯ ಸುತ್ತಿನಲ್ಲಿ 128 ಜನ. ಅದರಲ್ಲಿ 104 ಜಾಗ ರ‍್ಯಾಂಕಿಂಗ್ ನೋಡಿ ನೇರ ಕೊಡುತ್ತಾರೆ. 8 ಜಾಗ ವೈಲ್ಡ್ ಕಾರ್ಡ್‌ಗೆ. ಉಳಿದ 16 ಜಾಗಕ್ಕೆ 128 ಜನ ಅರ್ಹತಾ ಸುತ್ತು ಆಡುತ್ತಾರೆ. ಸತತ ಮೂರು ಪಂದ್ಯ ಗೆಲ್ಲಬೇಕು. ಎರಡು ಗೆದ್ದು ಮೂರನೆಯದು ಸೋತರೆ ಸಾಮಾನ್ಯವಾಗಿ ಮನೆಗೆ ಹೋಗುವುದೇ.

ಜಾಂಗ್ ಹಲವು ಸಲ ಈ ಬಾಗಿಲು ತಟ್ಟಿ ವಾಪಸ್ ಬಂದಿದ್ದರು. 2022ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಮೂರೂ ಪಂದ್ಯ ಗೆದ್ದರು. ಆಗ ಅವರಿಗೆ 26 ವರ್ಷ. ಕೊರಿಯಾದ ಮಹಿಳೆಯರ ಮಟ್ಟಿಗೆ ಇದು ಎಷ್ಟು ಅಪರೂಪ ಅಂತ ತಿಳಿಯಬೇಕಾದರೆ ಹಿಂದಿನ ಲೆಕ್ಕ ನೋಡಿ. 2007ರ ಯುಎಸ್ ಓಪನ್‌ನಲ್ಲಿ ಚೋ ಯೂನ್-ಜಂಗ್ ಆಡಿದ ಮೇಲೆ ಸಿಂಗಲ್ಸ್ ಮುಖ್ಯ ಸುತ್ತಿಗೆ ಬಂದ ಕೊರಿಯಾದ ಮಹಿಳೆ ಒಬ್ಬರೇ, 2020ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಹಾನ್ ನಾ-ರೇ. ಹಾನ್ ಚೀನಾದ ಝೂಹಾಯ್‌ನಲ್ಲಿ ಏಷ್ಯಾ-ಪೆಸಿಫಿಕ್ ಆಟಗಾರ್ತಿಯರ ನಡುವಿನ ಸ್ಪರ್ಧೆ ಗೆದ್ದು ವೈಲ್ಡ್ ಕಾರ್ಡ್ ಪಡೆದಿದ್ದರು.

ಮೆಲ್ಬರ್ನ್‌ನಲ್ಲಿ ಏನಾಯಿತು?

ಮೊದಲ ಸುತ್ತಲ್ಲೇ ಸೋತರು. ಎದುರಾಳಿ ಮಾಂಟೆನೆಗ್ರೋದ ಡಾಂಕಾ ಕೊವಿನಿಚ್. ಸ್ಕೋರ್ 3-6, 6-2, 4-6. ಅಂದರೆ ಮೊದಲ ಸೆಟ್ ಕಳೆದುಕೊಂಡು, ಎರಡನೆಯದನ್ನು ಸಲೀಸಾಗಿ ಗೆದ್ದು, ಮೂರನೆಯದರಲ್ಲಿ ಕೊನೆವರೆಗೂ ಜಗ್ಗಾಡಿದರು. ಮುಂದಿನ ಸುತ್ತಲ್ಲಿ ಇದೇ ಕೊವಿನಿಚ್, ಆಗಿನ ಯುಎಸ್ ಓಪನ್ ಚಾಂಪಿಯನ್ ಎಮ್ಮಾ ರಾಡುಕಾನು ಅವರನ್ನು ಮನೆಗೆ ಕಳಿಸಿದರು. ಜಾಂಗ್ ಎಂಥ ಆಟಗಾರ್ತಿ ಎದುರು ಮೂರು ಸೆಟ್ ಆಡಿದರು ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಇಲ್ಲಿ ಹಣದ ಮಾತನ್ನೂ ಹೇಳಲೇಬೇಕು. ಆ ವರ್ಷ ಆಸ್ಟ್ರೇಲಿಯನ್ ಓಪನ್ ಮೊದಲ ಸುತ್ತಲ್ಲಿ ಸೋತವರಿಗೆ 1,03,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ಈ ಮಟ್ಟದ ಆಟಗಾರ್ತಿಗೆ ಇಡೀ ವರ್ಷದ ಪ್ರಯಾಣ, ಕೋಚ್ ಖರ್ಚಿನ ದೊಡ್ಡ ಪಾಲು ಇದರಲ್ಲೇ ಬರುತ್ತದೆ. ಅರ್ಹತಾ ಸುತ್ತಿನ ಮೂರನೇ ಪಂದ್ಯದಲ್ಲಿ ಹುಡುಗಿಯರು ಯಾಕೆ ಅಳುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಬೋಸ್ಟಾಡ್ ಗೆಲುವಿನ ವಿಶೇಷ ಏನು?

ಬೋಸ್ಟಾಡ್ ಸ್ವೀಡನ್‌ನ ದಕ್ಷಿಣದಲ್ಲಿ ಸಮುದ್ರದ ಪಕ್ಕ ಇರುವ ಸಣ್ಣ ಊರು. ಅಲ್ಲಿಯದು ಕೆಂಪು ಮಣ್ಣಿನ ಅಂಕಣ. ಕೊರಿಯಾದವರು ಬಹುತೇಕ ಹಾರ್ಡ್ ಕೋರ್ಟ್‌ನಲ್ಲಿ ಬೆಳೆಯುತ್ತಾರೆ. ಯುರೋಪಿನ ಮಣ್ಣಿನಲ್ಲಿ ಚೆಂಡು ನಿಧಾನವಾಗಿ, ಎತ್ತರಕ್ಕೆ ಪುಟಿಯುತ್ತದೆ. ಜಾರುತ್ತ ಓಡುವುದನ್ನು ಬೇರೆಯೇ ಕಲಿಯಬೇಕು. ಒಂದೊಂದು ಪಾಯಿಂಟ್‌ಗೂ ಜಾಸ್ತಿ ಹೊಡೆತ ಬೇಕು, ಜಾಸ್ತಿ ತಾಳ್ಮೆ ಬೇಕು. ಅಂಥ ಕಡೆ ಜಾಂಗ್ ಗೆದ್ದರು.

ಫೈನಲ್‌ನಲ್ಲಿ ಎದುರಿಗಿದ್ದವರು ಸ್ಪೇನ್‌ನ ರೆಬೆಕಾ ಮಸಾರೋವಾ. 2016ರಲ್ಲಿ ಫ್ರೆಂಚ್ ಓಪನ್ ಜೂನಿಯರ್ ಪ್ರಶಸ್ತಿ ಗೆದ್ದವರು, ಅಂದರೆ ಮಣ್ಣಿನ ಮೇಲೆ ಪಳಗಿದವರು. ಮೊದಲ ಸೆಟ್ ಜಾಂಗ್ 3-6ರಲ್ಲಿ ಸೋತರು. ಆಮೇಲೆ 6-3, 6-1. ಮೂರನೇ ಸೆಟ್‌ನಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೇಮ್.

125 ಮಟ್ಟದಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದ ಕೊರಿಯಾದ ಮೊದಲ ಆಟಗಾರ್ತಿ ಅವರು. ಹಿಂದೆ 1982ರಲ್ಲಿ ಕೊರಿಯಾದ ಆಟಗಾರ್ತಿ ಲೀ ದಕ್-ಹೀ ಒಂದು ಟೂರ್ ಪ್ರಶಸ್ತಿ ಗೆದ್ದಿದ್ದರು. ಹಾಗಾಗಿ ಕೊರಿಯಾದ ಪತ್ರಿಕೆಗಳು ಆ ವಾರ ನಲವತ್ತು ವರ್ಷದ ಮಾತಾಡಿದವು. ಎರಡೂ ಒಂದೇ ಮಟ್ಟದ ಟೂರ್ನಿಗಳಲ್ಲ, ನಿಜ. ಆದರೂ ನಲವತ್ತು ವರ್ಷ ಚಿಕ್ಕ ಅವಧಿ ಅಲ್ಲ.

ಬೋಸ್ಟಾಡ್‌ನಲ್ಲಿ ಇಡೀ ಟೂರ್ನಿಯ ಬಹುಮಾನ 1,15,000 ಅಮೆರಿಕನ್ ಡಾಲರ್. ಎಲ್ಲರಿಗೂ ಸೇರಿಸಿ. ಮೆಲ್ಬರ್ನ್‌ನಲ್ಲಿ ಒಂದು ಪಂದ್ಯ ಸೋತಾಗ ಸಿಕ್ಕ ಹಣಕ್ಕಿಂತ ಇಲ್ಲಿ ಐದು ಪಂದ್ಯ ಗೆದ್ದಾಗ ಸಿಕ್ಕದ್ದು ತುಂಬಾ ಕಡಿಮೆ. ಆದರೆ ರ‍್ಯಾಂಕಿಂಗ್ ಪಾಯಿಂಟ್ ಉಲ್ಟಾ. ಆಗಿನ ನಿಯಮದಲ್ಲಿ 125 ಗೆದ್ದರೆ 160 ಪಾಯಿಂಟ್. ಗ್ರ್ಯಾಂಡ್‌ಸ್ಲಾಮ್ ಅರ್ಹತಾ ಸುತ್ತು ದಾಟಿ ಮೊದಲ ಸುತ್ತಲ್ಲಿ ಸೋತರೆ 50.

114ರಲ್ಲಿ ನಿಂತುಬಿಟ್ಟರು. ಇದು ಸೋಲಲ್ವಾ?

ಈ ಪ್ರಶ್ನೆಯೇ ನನಗೆ ಸ್ವಲ್ಪ ನೋವು ಕೊಡುತ್ತದೆ. ಇಡೀ ಭೂಮಿಯ ಮೇಲೆ ತನಗಿಂತ ಚೆನ್ನಾಗಿ ಆಡುವ ಮಹಿಳೆಯರು 113 ಜನ ಮಾತ್ರ ಅನ್ನುವ ಜಾಗ ಅದು. ವೈದ್ಯರನ್ನೋ ಸಂಗೀತಗಾರರನ್ನೋ ನಾವು ಹೀಗೆ ಅಳೆಯುವುದಿಲ್ಲ.

ಆದರೆ ಆ ಜಾಗದ ಕಷ್ಟ ನಿಜ. ರ‍್ಯಾಂಕಿಂಗ್ ಅಂದರೆ ಕಳೆದ 52 ವಾರಗಳ ಒಳ್ಳೆಯ ಫಲಿತಾಂಶಗಳ ಮೊತ್ತ. ಈ ವರ್ಷ ಗೆದ್ದ ಪಾಯಿಂಟ್ ಮುಂದಿನ ವರ್ಷ ಅದೇ ಹೊತ್ತಿಗೆ ಅಳಿಸಿಹೋಗುತ್ತದೆ. ಬೋಸ್ಟಾಡ್‌ನ 160 ಪಾಯಿಂಟ್ ಉಳಿಸಿಕೊಳ್ಳಬೇಕಾದರೆ 2023ರ ಜುಲೈ ಒಳಗೆ ಎಲ್ಲೋ ಅಷ್ಟೇ ದೊಡ್ಡ ಗೆಲುವು ಬೇಕು. ನೂರರೊಳಗೆ ಇದ್ದವರಿಗೆ ವರ್ಷಕ್ಕೆ ನಾಲ್ಕು ಗ್ರ್ಯಾಂಡ್‌ಸ್ಲಾಮ್ ಬಹುತೇಕ ಖಚಿತ. ಆ ಹಣದಲ್ಲಿ ಕೋಚ್ ಇಟ್ಟುಕೊಳ್ಳಬಹುದು, ಫಿಸಿಯೊ ಇಟ್ಟುಕೊಳ್ಳಬಹುದು, ಒಂದು ವಾರ ವಿಶ್ರಾಂತಿ ಪಡೆಯಬಹುದು. ಹತ್ತು ಸ್ಥಾನ ಕೆಳಗಿದ್ದವರು ಇದ್ಯಾವುದೂ ಇಲ್ಲದೆ ಅವರನ್ನೇ ಸೋಲಿಸಬೇಕು. ಅಂತರ ಆಟದಲ್ಲಿ ಚಿಕ್ಕದು, ಬದುಕಿನಲ್ಲಿ ದೊಡ್ಡದು.

ಲೀ ದಕ್-ಹೀ ಅಂದರೆ ಕಿವಿ ಕೇಳದ ಆಟಗಾರ ಅಲ್ವಾ?

ಅವರು ಬೇರೆ. ಇಬ್ಬರ ಹೆಸರೂ ಒಂದೇ ಆದ್ದರಿಂದ ಹುಡುಕಾಟದಲ್ಲಿ ಕಲಸಿಹೋಗುತ್ತದೆ. 1998ರಲ್ಲಿ ಹುಟ್ಟಿದ ಲೀ ದಕ್-ಹೀ ಪುರುಷ ಆಟಗಾರ. 2019ರಲ್ಲಿ ಅಮೆರಿಕದ ವಿನ್‌ಸ್ಟನ್-ಸೇಲಂನಲ್ಲಿ ಎಟಿಪಿ (ಪುರುಷರ ವೃತ್ತಿಪರ ಟೂರ್) ಮುಖ್ಯ ಸುತ್ತಿನ ಪಂದ್ಯ ಗೆದ್ದ ಮೊದಲ ಶ್ರವಣದೋಷವುಳ್ಳ ಆಟಗಾರ ಅನ್ನಿಸಿಕೊಂಡರು.

1953ರಲ್ಲಿ ಹುಟ್ಟಿದ ಲೀ ದಕ್-ಹೀ ಕೊರಿಯಾದ ಮಹಿಳಾ ಟೆನಿಸ್‌ನ ಮೊದಲ ದೊಡ್ಡ ಹೆಸರು. ಜಗತ್ತಿನ ವೃತ್ತಿಪರ ಟೂರ್‌ಗೆ ಕೊರಿಯಾದಿಂದ ಹೋದ ಮೊದಲ ಮಹಿಳೆ. 1981ರ ಯುಎಸ್ ಓಪನ್‌ನಲ್ಲಿ ನಾಲ್ಕನೇ ಸುತ್ತು, ಅಂದರೆ ಕೊನೆಯ 16ರ ಹಂತ. 1982ರಲ್ಲಿ ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ಪ್ರಶಸ್ತಿ. ಅತ್ಯುತ್ತಮ ರ‍್ಯಾಂಕಿಂಗ್ 34. ಆಗಿನ ಕಾಲಕ್ಕೆ ಸಿಯೋಲ್‌ನಿಂದ ಒಬ್ಬ ಹೆಣ್ಣುಮಗಳು ಹೊರಟು ಅಮೆರಿಕ, ಯುರೋಪ್ ಸುತ್ತುವುದು ಸುಮ್ನೆ ಮಾತಲ್ಲ. ಇಂದಿಗೂ ಅವರ ಹೆಸರಲ್ಲಿ ಕೊರಿಯಾದಲ್ಲಿ ಅಂತಾರಾಷ್ಟ್ರೀಯ ಜೂನಿಯರ್ ಟೂರ್ನಿ ನಡೆಯುತ್ತದೆ.

ಈ ಹಿರಿಯ ಲೀ ಮತ್ತು ಜಾಂಗ್ ನಡುವೆ ಬೇರೆ ಯಾರೂ ಇರಲಿಲ್ವಾ?

ಇದ್ದರು. ಪಾರ್ಕ್ ಸಂಗ್-ಹೀ 1995ರಲ್ಲಿ 57ನೇ ಸ್ಥಾನ ತಲುಪಿದರು. ಜಿಯೋನ್ ಮಿ-ರಾ 1994ರ ವಿಂಬಲ್ಡನ್ ಜೂನಿಯರ್ ಫೈನಲ್‌ನಲ್ಲಿ ಮಾರ್ಟಿನಾ ಹಿಂಗಿಸ್ ಎದುರು ಆಡಿದರು. ಚೋ ಯೂನ್-ಜಂಗ್ 2003ರಲ್ಲಿ 45ನೇ ಸ್ಥಾನಕ್ಕೆ ಏರಿದರು. ಅದೇ ವರ್ಷ ಆಕ್ಲೆಂಡ್ ಫೈನಲ್ ಆಡಿ ಗ್ರೀಸ್‌ನ ಎಲೆನಿ ಡ್ಯಾನಿಲಿಡೌ ಎದುರು ಸೋತರು. 2004ರ ಮೊದಲ ಕೊರಿಯಾ ಓಪನ್‌ನಲ್ಲಿ ಚೋ ಮತ್ತು ಜಿಯೋನ್ ಜೋಡಿ ಡಬಲ್ಸ್ ಗೆದ್ದಿತು. ಮತ್ತೆ ಕೊರಿಯಾದ ಜೋಡಿ ಅಲ್ಲಿ ಗೆದ್ದದ್ದು 2018ರಲ್ಲಿ, ಚೋಯ್ ಜಿ-ಹೀ ಮತ್ತು ಹಾನ್ ನಾ-ರೇ.

ಗಾಲ್ಫ್‌ನಲ್ಲಿ ಕೊರಿಯಾದ ಮಹಿಳೆಯರು ಜಗತ್ತನ್ನೇ ಆಳುತ್ತಾರೆ. ಟೆನಿಸ್‌ನಲ್ಲಿ ಯಾಕಿಲ್ಲ?

1998ರಲ್ಲಿ ಪಾಕ್ ಸೆ-ರಿ ಅಮೆರಿಕದ ಮಹಿಳಾ ಓಪನ್ ಗಾಲ್ಫ್ ಗೆದ್ದರು. ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕೊರಿಯಾಕ್ಕೆ ಆ ಗೆಲುವು ಹಬ್ಬವಾಯಿತು. ಸಾವಿರಾರು ಹೆತ್ತವರು ಹೆಣ್ಣುಮಕ್ಕಳ ಕೈಗೆ ಗಾಲ್ಫ್ ಕ್ಲಬ್ ಕೊಟ್ಟರು. ಕಂಪನಿಗಳು ಹಣ ಹಾಕಿದವು. ದೇಶದೊಳಗೇ ಗಟ್ಟಿಯಾದ ಮಹಿಳಾ ಗಾಲ್ಫ್ ಟೂರ್ ಬೆಳೆಯಿತು. ಚೆನ್ನಾಗಿ ಆಡುವ ಹುಡುಗಿ ಊರು ಬಿಡದೆಯೂ ಗಾಲ್ಫ್‌ನಲ್ಲಿ ಬದುಕಬಹುದು.

ಟೆನಿಸ್‌ಗೆ ಅಂಥ ಒಂದು ಕ್ಷಣ ಮಹಿಳೆಯರ ಕಡೆಯಿಂದ ಇನ್ನೂ ಬಂದಿಲ್ಲ. ದೇಶದವರೇ ಆಡುವ ಟೂರ್ನಿ ಗೆದ್ದರೆ ವಿಶ್ವ ರ‍್ಯಾಂಕಿಂಗ್ ಏರುವುದಿಲ್ಲ. ಹೊರಗೆ ಹೋಗಲೇಬೇಕು. ಯುರೋಪಿನ ಹುಡುಗಿ ರೈಲು ಹತ್ತಿ ಮುಂದಿನ ಟೂರ್ನಿಗೆ ಹೋಗುತ್ತಾಳೆ. ಸಿಯೋಲ್‌ನಿಂದ ಹೊರಟವಳು ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕು. ಕಾರಣ ಪ್ರತಿಭೆಯ ಕೊರತೆ ಅಂತ ನಾನು ಒಪ್ಪುವುದಿಲ್ಲ. ದೂರ ಮತ್ತು ಹಣ, ಇವೆರಡೇ.

ಕಡ್ಡಾಯ ಸೇನಾ ಸೇವೆ ಇವರಿಗೂ ಇದೆಯಾ?

ಇಲ್ಲ, ಅದು ಪುರುಷರಿಗೆ ಮಾತ್ರ.

ಭಾರತದ ಆಟಗಾರ್ತಿಯರಿಗೂ ಕೊರಿಯಾದವರಿಗೂ ಹೋಲಿಕೆ ಮಾಡಬಹುದಾ?

ಮಾಡಬಹುದು, ಮತ್ತು ಮಾಡಬೇಕು. ನಮ್ಮ ಸಾನಿಯಾ ಮಿರ್ಜಾ 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನ ತಲುಪಿದರು. ಅದು ಕೊರಿಯಾದ ಯಾವ ಮಹಿಳೆಯೂ ಮುಟ್ಟದ ಎತ್ತರ. ಆಮೇಲೆ ನಮ್ಮಲ್ಲೂ ದೊಡ್ಡ ಖಾಲಿ ಜಾಗ. ಅಂಕಿತಾ ರೈನಾ 2020ರಲ್ಲಿ 160ಕ್ಕೆ ಬಂದರು. ಅವರೂ ಜಾಂಗ್ ಅವರಂತೆಯೇ ವರ್ಷಗಟ್ಟಲೆ ಗ್ರ್ಯಾಂಡ್‌ಸ್ಲಾಮ್ ಅರ್ಹತಾ ಸುತ್ತುಗಳಲ್ಲಿ ಸೆಣಸಿದವರು.

ಎರಡು ದೇಶಗಳ ತಂಡಗಳೂ ಒಂದೇ ಮಟ್ಟದಲ್ಲಿವೆ. 2025ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ನಡೆದ ಬಿಲ್ಲಿ ಜೀನ್ ಕಿಂಗ್ ಕಪ್ (ದೇಶಗಳ ನಡುವಿನ ಮಹಿಳಾ ತಂಡ ಟೂರ್ನಿ) ಏಷ್ಯಾ-ಓಶಿಯಾನಿಯಾ ಗುಂಪಿನಲ್ಲಿ ಭಾರತ, ಕೊರಿಯಾ ಎರಡೂ ಇದ್ದವು. ಅಲ್ಲಿಂದ ಭಾರತ ಮತ್ತು ನ್ಯೂಜಿಲೆಂಡ್ ಮುಂದೆ ಹೋದವು. ಅದರ ಫಲವಾಗಿಯೇ ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರಿನ ಎಸ್.ಎಂ. ಕೃಷ್ಣ ಟೆನಿಸ್ ಕ್ರೀಡಾಂಗಣದಲ್ಲಿ ಭಾರತ, ನೆದರ್ಲೆಂಡ್ಸ್, ಸ್ಲೊವೇನಿಯಾ ನಡುವೆ ಪ್ಲೇಆಫ್ ನಡೆಯಿತು. ಹಿಂದಿನ ವರ್ಷ ಚೀನಾದ ಚಾಂಗ್‌ಶಾದಲ್ಲಿ ಇದೇ ಹಂತ ದಾಟಿದ್ದು ಚೀನಾ ಮತ್ತು ಕೊರಿಯಾ.

ಕೊರಿಯಾದ ಆಟಗಾರ್ತಿಯರ ಆಟ ನೋಡಬೇಕು. ಯಾವಾಗ, ಯಾರನ್ನು ನೋಡಲಿ?

ಸಿಯೋಲ್‌ನ ಒಲಿಂಪಿಕ್ ಪಾರ್ಕ್‌ನಲ್ಲಿ ನಡೆಯುವ ಕೊರಿಯಾ ಓಪನ್‌ಗೆ ಕಾಯಿರಿ. ಸಾಮಾನ್ಯವಾಗಿ ಯುಎಸ್ ಓಪನ್ ಮುಗಿದ ಮೇಲೆ ಬರುತ್ತದೆ. 1988ರ ಒಲಿಂಪಿಕ್ಸ್‌ನ ಟೆನಿಸ್ ನಡೆದದ್ದು ಇಲ್ಲೇ. ಮರಿಯಾ ಶರಪೋವಾ 2004ರ ಮೊದಲ ಟೂರ್ನಿ ಗೆದ್ದರು. 2024ರಿಂದ ಇದು 500 ಮಟ್ಟಕ್ಕೆ ಏರಿದೆ. 2025ರಲ್ಲಿ ಇಗಾ ಶ್ವಿಯಾಂಟೆಕ್ ಗೆದ್ದರು. ಮಟ್ಟ ಏರಿದಷ್ಟೂ ಸ್ಥಳೀಯ ಹುಡುಗಿಯರಿಗೆ ಗೆಲ್ಲುವುದು ಕಷ್ಟ. ಹಾಗಾಗಿ ಮೊದಲ ಎರಡು ದಿನ ತಪ್ಪಿಸಬೇಡಿ. ವೈಲ್ಡ್ ಕಾರ್ಡ್ ಪಡೆದ ಕೊರಿಯಾದವರು ಆಡುವುದು ಆಗಲೇ.

ಹೆಸರು ಹೇಳಬೇಕೆಂದರೆ ಪಾರ್ಕ್ ಸೋ-ಹ್ಯೊನ್, ಕು ಯನ್-ಊ, ಜಂಗ್ ಬೋ-ಯಂಗ್. ಎಲ್ಲರಿಗಿಂತ ಮೊದಲು ಬೇಕ್ ದಾ-ಯನ್. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೇಕ್ ಮತ್ತು ಜಂಗ್ ಬೋ-ಯಂಗ್ ಡಬಲ್ಸ್ ಕಂಚು ಗೆದ್ದರು. ಅದಾಗಿ ಸ್ವಲ್ಪ ದಿನಕ್ಕೇ ಕೊರಿಯಾ ಓಪನ್ ಬಂತು. ಅಲ್ಲಿ ಬೇಕ್, ಫ್ರೆಂಚ್ ಓಪನ್ ಮಾಜಿ ಚಾಂಪಿಯನ್ ಯೆಲೆನಾ ಒಸ್ತಾಪೆಂಕೊ ಅವರನ್ನು ಮೂರನೇ ಸೆಟ್ ಟೈಬ್ರೇಕರ್‌ನಲ್ಲಿ ಸೋಲಿಸಿದರು. ಆ ಪಂದ್ಯದ ತುಣುಕು ಯೂಟ್ಯೂಬ್‌ನಲ್ಲಿ ಸಿಕ್ಕರೆ ಮೊದಲು ಅದನ್ನೇ ನೋಡಿ.